ಅಪ್ಪ ಮುಚ್ಚಿದ ಬಿರುಕು

ಕೆನ್ನೆ ಇನ್ನೂ ತಣ್ಣಗಿದೆ, ಜ್ವರ ನೋಡುವ ಹಾಗೆ ಬೆರಳ ಹಿಂಬದಿಯಿಂದ ಮುಟ್ಟಿದರೆ ಗೊತ್ತಾಗುತ್ತದೆ — ಒದ್ದೆ ಕಾಗದದ ತಿರುಳನ್ನು ಮೆತ್ತಿದ್ದು ನಿನ್ನೆ, ಅದು ಒಣಗುತ್ತಾ ಕಲ್ಲಿನೊಳಗಿನ ಉಪ್ಪನ್ನು ಹೀರಿಕೊಳ್ಳಬೇಕು, ಹೀರುತ್ತಲೂ ಇದೆ, ಆದರೆ ಹನ್ನೊಂದು ಸಲ ಮೆತ್ತಿ ಹನ್ನೊಂದು ಸಲ ಕಿತ್ತರೂ ಉಪ್ಪು ಮುಗಿಯುತ್ತಿಲ್ಲ, ಬಂಡೆಯಲ್ಲಿ ಕೊರೆದ ಈ ಹೆಂಗಸು ಸಾವಿರ ವರ್ಷದ ಅಳುವನ್ನೆಲ್ಲ ಒಳಗೇ ಇಟ್ಟುಕೊಂಡಿದ್ದಾಳೇನೋ — ಥೂ, ಕವಿತ್ವ ಬೇಡ, ಅಳುವಲ್ಲ ಅದು, ಸಿಮೆಂಟು, ಮೂವತ್ತೊಂದು ವರ್ಷದ ಹಿಂದೆ ನೆತ್ತಿಯ ಮೇಲಿನ ಬಿರುಕಿಗೆ ತುಂಬಿದ್ದು, ತುಂಬಿದವನು ನನ್ನ ಅಪ್ಪ. ಆಗ ನನಗೆ ಏಳು ವರ್ಷ, ಕೆಳಗೆ ಊಟದ ಡಬ್ಬಿ ಹಿಡಿದು ಕೂತಿದ್ದೆ, ಅಟ್ಟಣಿಗೆಯ ಮೇಲಿಂದ ಮೇಸ್ತ್ರಿ ಅಪ್ಪ ಬಗ್ಗಿ, ಇನ್ನು ಇವಳ ಮೇಲೆ ಒಂದು ಹನಿ ಬೀಳಲ್ಲ ನೋಡು ಪುಟ್ಟಿ, ಅಂದ, ಬೀಳಲೂ ಇಲ್ಲ, ಎಲ್ಲರೂ ಬೆನ್ನು ತಟ್ಟಿದರು, ಆದರೆ ಹೊರಬರಲು ದಾರಿಯಿಲ್ಲದ ನೀರು ಸಿಮೆಂಟಿನ ಉಪ್ಪನ್ನು ಕರಗಿಸಿಕೊಂಡು ಮುಖದ ಹಿಂದಕ್ಕೆ ಹೋಯಿತು, ಅಲ್ಲಿ ಆ ಉಪ್ಪು ಹರಳುಗಟ್ಟಿ ಕಲ್ಲಿನ ಚರ್ಮವನ್ನು ಒಳಗಿನಿಂದ ತಳ್ಳುತ್ತಿದೆ, ಮೂಗು ಹೋಯಿತು, ಮೇಲ್ದುಟಿ ಅರ್ಧ ಹೋಯಿತು. ದಿನಾ ಸಂಜೆ ಮನೆಯಲ್ಲಿ ನಾನು ಚಪ್ಪಲಿ ಬಿಡುವಷ್ಟರಲ್ಲಿ ಅಪ್ಪನ ಪ್ರಶ್ನೆ, ಹೇಗಿದಾಳೆ ನಿನ್ನ ಪೇಶೆಂಟು, ಚೆನ್ನಾಗಿದಾಳಪ್ಪ, ಅಂದವಳೇ ಬಚ್ಚಲಿಗೆ ಹೋಗಿ ತಲೆಕೂದಲಿನ ಬಿಳಿಪುಡಿ ಕೊಡವುತ್ತೇನೆ. ಪುರಾತತ್ವ ಇಲಾಖೆಗೆ ಕೊಟ್ಟ ವರದಿಯಲ್ಲಿ ಕಾರಣ ಎಂಬ ಕಡೆ ಹಳೆಯ ದುರಸ್ತಿ ಅಂತ ಬರೆದೆ, ಅಪ್ಪನ ಇಡೀ ಹೆಮ್ಮೆ ಎರಡು ಪದ. ಸಿಮೆಂಟು ತೆಗೆಯಲು ಅನುಮತಿ ಬಂದು ತಿಂಗಳಾಯಿತು, ಎಷ್ಟು ಆಳವಿದೆಯೋ ಗೊತ್ತಿಲ್ಲದೆ ಉಳಿ ಇಟ್ಟರೆ ಹಣೆಯೇ ಸೀಳಬಹುದು, ಗೊತ್ತಿರುವವನು ಒಬ್ಬನೇ, ಅವನನ್ನು ಕೇಳಲು ಬಾಯಿ ಬರಲಿಲ್ಲ, ಆ ತಿಂಗಳಲ್ಲೇ ಅಲ್ಲವೇ ತುಟಿ ಉದುರಿದ್ದು —

ಕೋಲಿನ ಸದ್ದು. ಗುಹೆಯ ಬಾಗಿಲಲ್ಲಿ ಅಪ್ಪ, ಏದುಸಿರು, ಹೇಳದೆ ಬಂದೆ, ಬಯ್ಯಬೇಡ, ಅಂದ, ಮುಖದ ಮೇಲಿನ ತಿರುಳು ತೋರಿಸಿ, ಔಷಧಿ ಹಚ್ಚಿದೀವಿ ಅಪ್ಪ ಅನ್ನುತ್ತೇನೆ, ಅವನು ಕೇಳಿಸಿಕೊಳ್ಳುತ್ತಿಲ್ಲ, ತಿರುಳು ಮೆತ್ತದ ಕುತ್ತಿಗೆಯ ಮೇಲೆ ಅಂಗೈ ಇಟ್ಟ, ಕಲ್ಲು ಹಿಟ್ಟಿನಂತೆ ಕೈಗೆ ಬಂತು, ನಾಲಿಗೆಗೆ ಮುಟ್ಟಿಸಿಕೊಂಡ. ಉಪ್ಪು. ಎಲ್ಲಿಂದ ಬಂತೇ ಇದು? ನೆಲದಿಂದ ಅನ್ನಬಹುದಿತ್ತು, ಗಾಳಿಯಿಂದ ಅನ್ನಬಹುದಿತ್ತು, ಸಿಮೆಂಟಿಂದ ಅಪ್ಪ, ಅಂದುಬಿಟ್ಟೆ. ನಾನು ಹಾಕಿದ್ದಾ? ಹೂಂ. ಅವನು ತಲೆಯೆತ್ತಿ ಬಿರುಕನ್ನು ನೋಡಿದ, ಆಗ ಇವಳ ಮುಖದ ಮೇಲೆ ನೀರು ಸುರೀತಿತ್ತು ಕಣೇ, ನೋಡಕ್ಕಾಗಲಿಲ್ಲ ನನಗೆ. ಮತ್ತೆ, ಬಲಗಡೆ ನಾಲ್ಕೇ ಬೆರಳು ಆಳ, ಎಡಗಡೆ ಮೊಳ, ಅಲ್ಲಿ ಹುಷಾರು, ಏಣಿ ಹತ್ತು. ಹತ್ತಿದೆ, ಅವನು ಹೇಳಿದಲ್ಲಿ ಉಳಿ ಇಟ್ಟೆ, ಹಗುರಕ್ಕೆ, ಇನ್ನೂ ಹಗುರಕ್ಕೆ, ಹಾಂ ಅಲ್ಲೇ, ಮಧ್ಯಾಹ್ನದ ಹೊತ್ತಿಗೆ ಕೊನೆಯ ತುಂಡು ಸಡಿಲವಾಗಿ ಕೈಗೆ ಬಂತು, ಹಣೆ ಸೀಳಲಿಲ್ಲ, ಬಿರುಕಿನಿಂದ ಕಂದು ನೀರು ಜಿನುಗಿ ಬಂಡೆಯ ಪಕ್ಕಕ್ಕೆ ನಾನು ಕಟ್ಟಿದ್ದ ಕೊಳವೆಗೆ ಇಳಿಯಿತು, ಬಂತಪ್ಪಾ, ಬಂತು, ಕೂಗುತ್ತಾ ಕೆಳಗೆ ನೋಡಿದೆ — ಅವನು ನೀರನ್ನು ನೋಡುತ್ತಿರಲಿಲ್ಲ, ಒಂದು ಕೈಯಲ್ಲಿ ನನ್ನ ಏಣಿ ಹಿಡಿದಿದ್ದ, ಇನ್ನೊಂದನ್ನು ಹಾಗೇ ಮುಂದೆ ಚಾಚಿದ್ದ, ಕೈ ಒರೆಸಿಕೋ ಅಪ್ಪ, ಒರೆಸಲಿಲ್ಲ, ಮಡಚಲೂ ಇಲ್ಲ, ಅವಳ ಕುತ್ತಿಗೆ ಅದರಲ್ಲಿತ್ತು, ಒಂದು ಚಿಟಿಕೆ ಪುಡಿಯಾಗಿ, ಕೆಳಗೆ ಚೆಲ್ಲಬಾರದೆಂಬಂತೆ, ಆ ಬಿಳಿ ಅಂಗೈ, ಆ ಅಂಗೈ —