ಮಾಯಮ್ಮನ ಕಿರುಬೆರಳಿನ ಅಂಬು

ಹೊಳಲಿನ ಮರಿಸಿದ್ದಯ್ಯನಿಗೆ ಹಠ ಅಂದರೆ ಹಠ. ವಿಜಯದಶಮಿಯ ಸಂಜೆ ಬನ್ನಿ ಮರದ ಮುಂದೆ ನೆಟ್ಟ ಬಾಳೆಕಂಬಕ್ಕೆ ಅಂಬು ಹೊಡೆಯುವುದು ಅವನ ಮನೆತನದ ಹಕ್ಕು. ಅಂಬು ನಾಟಿದ ಮೇಲೆಯೇ ಊರವರು ಬನ್ನಿ ಎಲೆ ಹಂಚಿಕೊಳ್ಳುವುದು. ಆ ಅಂಬು ತನ್ನ ಕಿರುಬೆರಳಿನಷ್ಟು ದಪ್ಪ ಇರಬೇಕೆಂದು ಅವನ ಅಜ್ಜ ಹೇಳಿ ಹೋಗಿದ್ದ. ಅಜ್ಜನ ಬೆರಳೋ, ಗೂಟವೋ! ಆದರೂ ಆ ಮಾತು ಮೀರಿದವರು ಆ ಮನೆಯಲ್ಲಿ ಹುಟ್ಟಿರಲಿಲ್ಲ.

ನಾಲೆ ಅಗೆಯುವ ಕೆಲಸಕ್ಕೆ ಹೋಗಿದ್ದಾಗ ಕಲ್ಲು ಉರುಳಿ ಅವನ ಬಲಭುಜಕ್ಕೆ ಪೆಟ್ಟಾಯಿತು. ಆಮೇಲೆ ಬಿಲ್ಲಿನ ಹೆದೆಯನ್ನು ಕಿವಿಯವರೆಗೆ ಎಳೆಯಲು ಆಗಲೇ ಇಲ್ಲ. ಹೋದ ವರ್ಷ ಅಂಬು ಕಂಬವನ್ನು ಬಿಟ್ಟು ರಾಗಿ ಹೊಲಕ್ಕೆ ಬಿತ್ತು. ಈ ಸಲವೂ ತಪ್ಪಿದರೆ ಬಿಲ್ಲೂ ಹಕ್ಕೂ ಊರಿನ ಇನ್ನೊಬ್ಬ ಬಿಲ್ಲುಗಾರ ಅಂಕಯ್ಯನ ಮನೆಗೆ ಹೋಗುತ್ತವೆ ಎಂದು ಊರ ಯಜಮಾನ ಚೌಡಯ್ಯ ಎಲ್ಲರೆದುರೇ ಹೇಳಿಬಿಟ್ಟ. ಹೇಳುವುದಕ್ಕೇನು, ಅವನ ಭುಜ ನೆಟ್ಟಗಿತ್ತು.

ಹಬ್ಬ ಹತ್ತಿರ ಬಂತು. ಹಿತ್ತಿಲ ಹುಲ್ಲಿನ ಮೆದೆಗೆ ಹೊಡೆದು ಹೊಡೆದು ಸೋತ ಮರಿಸಿದ್ದಯ್ಯ, ಕಣ್ಣು ಮಂಜಾಗಿದೆ, ಬಿಲ್ಲು ಕೊಟ್ಟುಬಿಡುತ್ತೇನೆ ಎಂದು ಜಗುಲಿಯಲ್ಲಿ ಕೂತ. ಅಂಬು ಕೀಳಲು ಹೋದ ಹೆಂಡತಿ ಮಾಯಮ್ಮ ಮೆದೆಯನ್ನೇ ನೋಡುತ್ತ ನಿಂತಳು.

"ಕಣ್ಣು ಓಗಿದ್ರೆ ಅಲ್ಲೊಂದು ಇಲ್ಲೊಂದು ಬೀಳ್ಬೇಕಿತ್ತು. ಎಲ್ಲಾ ಎಡಕ್ಕೇ, ಒಂದೇ ತಾವು ಬಿದ್ದವೆ. ಕಣ್ಣು ಸರಿಯಾಗೈತೆ, ಅಂಬು ಬಳುಕ್ತಾ ಇಲ್ಲ."

ಹೆದೆಯ ಏಟಿಗೆ ಅಂಬು ಕೊಂಚ ಬಳುಕಿ ಬಿಲ್ಲಿನ ಪಕ್ಕ ನುಸುಳಬೇಕು. ಪೂರ್ತಿ ಎಳೆಯುವ ಕಾಲದಲ್ಲಿ ದಪ್ಪ ಅಂಬೂ ಬಳುಕುತ್ತಿತ್ತು. ಈಗಿನ ಅರ್ಧ ಎಳೆತಕ್ಕೆ ಅದು ಒನಕೆಯಂತೆ ಸೆಟೆದುಕೊಂಡು ಎಡಕ್ಕೆ ಸಿಡಿಯುತ್ತಿತ್ತು. ಇದು ಮರಿಸಿದ್ದಯ್ಯನಿಗೂ ಗೊತ್ತಿದ್ದದ್ದೇ. ಆದರೆ ತೆಳ್ಳನೆಯ ಅಂಬು ಹಿಡಿದರೆ ತೋಳು ಸೋತಿತೆಂದು ತಾನೇ ಡಂಗುರ ಹೊಡೆದ ಹಾಗಲ್ಲವೇ ಎಂದು ಗೊಣಗಿದ. ಮಾಯಮ್ಮನಿಗೆ ರೇಗಿತು.

"ತೋಳು ಸೋತದ್ದು ಊರ್ಗೆಲ್ಲಾ ಗೊತ್ತು. ಅಂಬಿಗೊಂದಕ್ಕೆ ಗೊತ್ತಿಲ್ಲ. ಅದ್ಕೂ ಏಳ್ಬುಡು."

ಅವನಿಗೆ ಅಳು ಬರುವ ಹಾಗಾಗಿ, ನಗು ಬಂತು. ಇಬ್ಬರೂ ಕೂತು ಬಿದಿರು ಕಡ್ಡಿಗಳನ್ನು ಮಂಡಿಗೆ ಒತ್ತಿ ಬಗ್ಗಿಸಿ ನೋಡಿದರು. ತೀರ ತೆಳ್ಳಗಿನದು ಬಲಕ್ಕೆ ಹಾರಿತು. ನಡುವಿನದನ್ನು ಇನ್ನಷ್ಟು ಹೆರೆದ ಮೇಲೆ ನೆಟ್ಟಗೆ ಹೋಯಿತು. ಅದು ಮಾಯಮ್ಮನ ಕಿರುಬೆರಳಿಗೆ ಸರಿಯಾಗಿತ್ತು.

ಹಬ್ಬದ ಸಂಜೆ ಮರಿಸಿದ್ದಯ್ಯ ಎರಡು ಅಂಬು ತಂದಿದ್ದ. ತೆಳ್ಳನೆಯದನ್ನು ಕಂಡು, ಊದುಬತ್ತಿ ಹಚ್ಚಲು ಬಂದಿದ್ದಾನೆಯೇ ಎಂದು ಅಂಕಯ್ಯ ಗೇಲಿ ಮಾಡಿದ. ಜನ ನಕ್ಕರು. ಮರಿಸಿದ್ದಯ್ಯನ ಕೈ ಅಜ್ಜನ ಅಳತೆಯ ಅಂಬಿನತ್ತ ಹೋಯಿತು. ಹೆಂಗಸರ ನಡುವೆ ನಿಂತಿದ್ದ ಮಾಯಮ್ಮ ಕತ್ತು ಉದ್ದ ಮಾಡಿ ನೋಡಿದಳು. ಅವನು ದಪ್ಪ ಅಂಬನ್ನು ನೆಲದ ಮೇಲಿಟ್ಟು, ತೆಳ್ಳನೆಯದನ್ನು ಹೂಡಿ, ಗಲ್ಲದವರೆಗಷ್ಟೇ ಹೆದೆ ಎಳೆದು ಬಿಟ್ಟ.

ಅಂಬು ಬಾಳೆಕಂಬದ ನಟ್ಟನಡುವೆ ನಾಟಿತು.

ಅಂಬು ಹೊಡೆದವನು ಕಿತ್ತ ಮೊದಲ ಬನ್ನಿ ಎಲೆ ಯಜಮಾನನಿಗೆ ಸಲ್ಲಬೇಕು. ಚೌಡಯ್ಯ ಕೈ ಚಾಚಿಯೇ ನಿಂತಿದ್ದ. ಮರಿಸಿದ್ದಯ್ಯ ಅವನನ್ನು ದಾಟಿಕೊಂಡು ಹೋಗಿ ಎಲೆಯನ್ನು ಮಾಯಮ್ಮನ ಅಂಗೈಯಲ್ಲಿಟ್ಟ.

"ಇನ್ಮೇಲೆ ನಮ್ಮನೆ ಅಂಬು," ಎಂದ, ಊರಿಗೆಲ್ಲ ಕೇಳುವಂತೆ, "ನಿನ್ ಕಿರುಬೆರಳಷ್ಟೇ ದಪ್ಪ ಕಣಮ್ಮಿ."