ಮಗ್ಗ ನಿಂತ ಹೊತ್ತು

ನಾನು ಒಂದು ಶ್ರವಣ ಯಂತ್ರ. ಹಾಗೆ ಕರೆಯುವವರು ಆಸ್ಪತ್ರೆಯವರು ಮಾತ್ರ. ಮಿಕ್ಕವರಿಗೆ ನಾನು ಕಿವಿ ಮಷಿನ್. ಯಾವುದೋ ಕಾರ್ಖಾನೆಯಲ್ಲಿ, ಕೈಗವಸು ತೊಟ್ಟ ಬೆರಳುಗಳ ನಡುವೆ ಹುಟ್ಟಿದೆ. ಆ ದಿನದ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕೇಳಿದ್ದನ್ನು ದೊಡ್ಡದು ಮಾಡುವುದು ನನ್ನ ಕೆಲಸ. ಅದರಲ್ಲಿ ನನಗೆ ಸುಖವೂ ಇಲ್ಲ, ದುಃಖವೂ ಇಲ್ಲ.

ಒಂದು ಶಿಬಿರದಲ್ಲಿ ನನ್ನನ್ನು ಶಾಕಂಬರಿ ಎಂಬ ಹುಡುಗಿಯ ಕಿವಿಯ ಹಿಂದೆ ಕೂರಿಸಿದರು. ಆಗ ಅವಳು ಒಂದನೇ ತರಗತಿ. ಹುಟ್ಟಿನಿಂದಲೇ ಕಿವಿ ಮಂದ. ಮನೆ ಬನಹಟ್ಟಿ ಕಡೆಯ ನೇಕಾರರ ಓಣಿಯಲ್ಲಿ. ತಾಯಿ ರುಕ್ಮವ್ವ ಮನೆಯಲ್ಲೇ ಪವರ್‌ಲೂಮ್ ಓಡಿಸಿ ಸೀರೆ ನೇಯುತ್ತಿದ್ದಳು.

ಮೊದಲ ದಿನ ಹೊಸ್ತಿಲು ದಾಟಿದ್ದೇ ತಡ, ಮಗ್ಗದ ಖಟಪಟವನ್ನೆಲ್ಲ ದೊಡ್ಡದು ಮಾಡಿ ಅವಳ ಕಿವಿಗೆ ಸುರಿದೆ. ಹುಡುಗಿ ಚೀರಿದಳು. ರುಕ್ಮವ್ವ ಹೆದರಿ ನನ್ನನ್ನು ಕಿತ್ತು, ಗೋಡೆಯ ಗೂಡಿನಲ್ಲಿದ್ದ ಸ್ಟೀಲ್ ಡಬ್ಬಿಗೆ ಹಾಕಿದಳು. ಅಂದಿನಿಂದ ಅದೇ ಪದ್ಧತಿ. ಶಾಲೆಗೆ ಹೋಗುವಾಗ ಕಿವಿಗೆ, ಮನೆಗೆ ಬಂದರೆ ಡಬ್ಬಿಗೆ.

ಶಾಲೆಯಲ್ಲಿ ಹಸೀನಾ ಅಕ್ಕೋರು ಅವಳನ್ನು ಮುಂದೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಬೋರ್ಡಿನ ಕಡೆ ತಿರುಗಿದರೆ ಮಾತು ನಿಲ್ಲಿಸುತ್ತಿದ್ದರು. ಮಕ್ಕಳೂ ಕಲಿತರು: ಮೊದಲು ಭುಜ ಮುಟ್ಟುವುದು, ಆಮೇಲೆ ಮಾತು. ಶಾಕಂಬರಿ ನಿಧಾನಕ್ಕೆ ಆನೆ, ಕೊಡೆ, ಗಡಿಯಾರ ಎಂದಳು. ಆದರೆ ಉಪ್ಪು, ಒಲೆ, ಮುನಿಸು ಬರಲಿಲ್ಲ. ಅವು ಮನೆಯಲ್ಲಿ ಕಲಿಯುವಂಥವು. ಅಕ್ಕೋರ ದನಿ ಅವಳಿಗೆ ಗೊತ್ತಿತ್ತು, ತಾಯಿಯದು ಗೊತ್ತಿರಲಿಲ್ಲ.

ಅಕ್ಕೋರು ಮನೆಗೇ ಬಂದರು.

"ಮನ್ಯಾಗ ಮಷಿನ್ ಯಾಕ ಹಾಕೂದಿಲ್ರಿ?"

"ಮಗ್ಗದ ಸಪ್ಪಳ ಆಕಿಗೆ ತಡಿಯೂದಿಲ್ರೀ ಅಕ್ಕೋರ. ಮಗ್ಗ ನಿಲ್ಲಿಸಿದ್ರ ಹೊಟ್ಟಿಗೇನು?"

"ಹಂಗಾರ ಕರೆಂಟ್ ಹೋದಾಗರ ಹಾಕ್ರಿ. ಏನರ ಮಾತಾಡ್ರಿ ಆಕಿ ಕೂಡ."

ಹೀಗೆ ಕರೆಂಟ್ ಹೋದ ಹೊತ್ತೇ ಅವಳ ಮನೆಪಾಠದ ಹೊತ್ತಾಯಿತು. ಮೊದಲ ಸಲ ರುಕ್ಮವ್ವನಿಗೆ ಏನು ಮಾತಾಡಬೇಕೆಂದೇ ತಿಳಿಯಲಿಲ್ಲ. ಇಷ್ಟು ವರ್ಷ ಸನ್ನೆಯಲ್ಲೇ ಮಗಳನ್ನು ಸಾಕಿದವಳು. ಕೊನೆಗೆ ಕೈಯಲ್ಲಿದ್ದ ನೂಲು ತೋರಿಸಿ "ಇದು ಕೆಂಪು" ಎಂದಳು. ನಾನು ಅದನ್ನು ದೊಡ್ಡದು ಮಾಡಿದೆ, ಅಷ್ಟೇ. ಹುಡುಗಿ ತಾಯಿಯ ಬಾಯಿಯನ್ನೇ ನೋಡುತ್ತಾ ಕೂತಳು.

ಎರಡನೇ ತರಗತಿಯ ಹೊತ್ತಿಗೆ ಓಣಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಎಲ್ಲರಿಗೂ ಖುಷಿಯೋ ಖುಷಿ. ಕರೆಂಟ್ ಹೋಗುವುದು ನಿಂತಿತು, ಮನೆಯಲ್ಲಿ ನನ್ನ ಡಬ್ಬಿ ತೆರೆಯುವುದೂ ನಿಂತಿತು. ಕಲಿತ ಮನೆಮಾತುಗಳು ಒಂದೊಂದಾಗಿ ಅವಳ ಬಾಯಿಂದ ಜಾರಿಹೋದವು. ನನಗೇನೂ ಅನಿಸಲಿಲ್ಲ. ಅನಿಸಬೇಕಿತ್ತೇನೋ.

ಒಂದು ಸಂಜೆ ಮಗ್ಗ ಇದ್ದಕ್ಕಿದ್ದಂತೆ ನಿಂತಿತು. ಡಬ್ಬಿ ತೆರೆದವಳು ಶಾಕಂಬರಿ. ನನ್ನನ್ನು ತಾನೇ ಕಿವಿಗೆ ಸಿಕ್ಕಿಸಿಕೊಂಡಳು. ನಡುಮನೆಯಲ್ಲಿ ಬಲ್ಬ್ ಉರಿಯುತ್ತಲೇ ಇತ್ತು. ಮಗ್ಗದ ಸ್ವಿಚ್ ಆರಿಸಿದವಳೂ ಅವಳೇ.

"ಅರ್ಧ ಸೀರಿ ಬಾಕಿ ಐತಿ, ಏನ್ ಬೇಕಾಗೇತಿ ನಿನಗ?" ರುಕ್ಮವ್ವ ಸಿಡುಕಿದಳು.

ಹುಡುಗಿ ಬಹಳ ಹೊತ್ತು ಮಾತು ಹುಡುಕಿದಳು.

"ಅವ್ವಾ, ಮಾತಾಡ."

ರುಕ್ಮವ್ವ ಮಗ್ಗ ಬಿಟ್ಟು ಮಗಳ ಎದುರಿಗೆ ಬಂದು ಕೂತಳು.

ಈಗ ನನಗೆ ವಯಸ್ಸಾಗಿದೆ. ಬೆವರು ಹೊಕ್ಕು ಒಳಗೆಲ್ಲ ಕಿಲುಬು ಹಿಡಿದಿದೆ. ಶಾಕಂಬರಿಯ ಕಿವಿಗೆ ಬೇರೆ ಮಷಿನ್ ಬಂದಿದೆ. ನಾನು ಅದೇ ಡಬ್ಬಿಯಲ್ಲಿ, ಪಿನ್ನುಗಳ ನಡುವೆ ಬಿದ್ದಿದ್ದೇನೆ. ಏನೂ ಕೇಳಿಸುವುದಿಲ್ಲ, ಹಾಗಂತ ಅಳುವೂ ಬರುವುದಿಲ್ಲ. ಮಗ್ಗ ಓಡುವಾಗ ಗೂಡು ನಡುಗುತ್ತದೆ, ಗೂಡಿನೊಳಗೆ ಡಬ್ಬಿ, ಡಬ್ಬಿಯೊಳಗೆ ನಾನು. ದಿನಾ ಸಂಜೆ ಆ ನಡುಕ ಸ್ವಲ್ಪ ಹೊತ್ತು ನಿಲ್ಲುತ್ತದೆ. ಈ ಓಣಿಯಲ್ಲೀಗ ಕರೆಂಟ್ ಹೋಗುವುದಿಲ್ಲ.