ಅಜಲಿನ ತಟ್ಟೆ

"ಏ ಕೊರಗಾ, ಆ ಮಾಪು ಅಲ್ಲೇ ಬಿಸಾಡಿ ಬಾ ಇಲ್ಲಿ. ಇವನಿಗೆ ತಿನ್ಲಿಕ್ಕೆ ಬರುದಿಲ್ಲಂತೆ. ನೀನು ಸ್ವಲ್ಪ ತಿಂದು ತೋರ್ಸು."

ಕರೆದದ್ದು ವಿನೀತ್. ಕಾಲೇಜು ಹುಡುಗರ ಸಂಘಕ್ಕೆ ಅವನೇ ಅಧ್ಯಕ್ಷ; ಅದಕ್ಕೆ ಬ್ರದರ್‌ಹುಡ್ ಅಂತ ಹೆಸರಿಟ್ಟುಕೊಂಡಿದ್ದರು. ಕುವೈತಿನ ಮೈದಾನ್ ಹವಲ್ಲಿಯ ಹಳೇ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಅವರದೊಂದು ಬಾಡಿಗೆ ಫ್ಲ್ಯಾಟು. ಕೊರಗಪ್ಪ ಆ ಕಟ್ಟಡದ ಹಾರಿಸ್. ಹಾರಿಸ್ ಅಂದರೆ ಕಾವಲಿನವನು ಅನ್ನುವುದು ಬರೀ ಮಾತಿಗೆ. ಮೆಟ್ಟಿಲು ತೊಳೆಯುವುದು, ಕಸ ಹೊರುವುದು, ಕಟ್ಟಿಕೊಂಡ ಪೈಪಿಗೆ ಕೈ ಹಾಕುವುದು, ಎಲ್ಲ ಅವನದೇ. ಹೆಸರೂ ಕೊರಗ, ಜಾತಿಯೂ ಕೊರಗ. ಸಮುದ್ರ ದಾಟಿದರೆ ಜಾತಿ ಕೇಳುವವರಿಲ್ಲ ಅಂತ ನಂಬಿ ಬಂದಿದ್ದ, ಪಾಪ. ಊರಿನವನೊಬ್ಬ ಬಂದರೆ ಸಾಕು, ಅದೂ ಅವನ ಜೊತೆ ವಿಮಾನ ಹತ್ತುತ್ತದೆ.

ನೆಲದ ಮೇಲೆ ಮೋಹಿತ್ ಕೂತಿದ್ದ. ಸಂಘಕ್ಕೆ ಸೇರಲು ಬಂದ ಹೊಸ ಹುಡುಗ. ಮುಂದೆ ಒಂದು ಪ್ಲಾಸ್ಟಿಕ್ ತಟ್ಟೆ. ತಟ್ಟೆಯಲ್ಲಿ ಅನ್ನ, ಅನ್ನದೊಳಗೆ ಸೀನಿಯರುಗಳ ತಲೆಗೂದಲು, ಕತ್ತರಿಸಿದ ಉಗುರು. ಸುತ್ತ ನಿಂತವರ ಕೈಯಲ್ಲೆಲ್ಲ ಮೊಬೈಲು.

"ನಮ್ಮ ಅಜ್ಜನ ಮನೆಯ ಕ್ರಮ ಇದು," ವಿನೀತ್ ಗೆಳೆಯರಿಗೆ ವಿವರಿಸಿದ. "ಮನೆಯಲ್ಲಿ ಹೆಂಗಸು ಬಸುರಿಯಾದ್ರೆ, ಯಾರಿಗಾದ್ರೂ ಸೀಕಾದ್ರೆ, ಅವರ ಕೂದ್ಲು ಉಗುರು ಅನ್ನಕ್ಕೆ ಕಲಸಿ ಕೊರಗರಿಗೆ ಕೊಡುದು. ಅಜಲು ಅಂತ ಹೇಳ್ತಾರೆ. ಮನೆಯ ಅನಿಷ್ಟ ಎಲ್ಲ ಅವರ ಹೊಟ್ಟೆಗೆ. ಫುಲ್ ಟ್ರೆಡಿಷನ್, ಬ್ರೋ! ಇನ್ನು ಸಂಘದ ಅನಿಷ್ಟ ಜೂನಿಯರಿನ ಹೊಟ್ಟೆಗೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊರಗಪ್ಪ ಮಾಪನ್ನು ಬಕೆಟ್ಟಿನಲ್ಲಿ ನಿಲ್ಲಿಸಿದ. ಅವನ ಅಪ್ಪೆ, ಹೆತ್ತ ತಾಯಿ, ಊರ ಧನಿಗಳ ಗುತ್ತಿನ ಮನೆಯ ಅಂಗಳದಾಚೆ ಕೂತು ಇಂಥದೇ ಅನ್ನ ಉಂಡಿದ್ದಳು. ಮನೆಯವರ ಕಣ್ಣೆದುರೇ ಉಣ್ಣಬೇಕು, ಕಕ್ಕುವ ಹಾಗಿಲ್ಲ. ಗುಡಿಸಲಿಗೆ ಬಂದು ಗಂಟಲಿಗೆ ಬೆರಳು ಹಾಕಿಕೊಳ್ಳುತ್ತಿದ್ದಳು. ಆ ಸದ್ದು ಇವನ ಕಿವಿಯಲ್ಲಿ ಇನ್ನೂ ಇತ್ತು.

"ಅದು ಸರಕಾರ ಬಂದ್ ಮಾಡಿದ್ದು, ಧನೀ," ಅಂದ. "ನಾನು ತಿನ್ನುದಿಲ್ಲ. ಆ ಮಗುವಿಗೂ ಬೇಡ."

ಇಲ್ಲ ಅನ್ನುವಾಗಲೂ ಬಾಯಿಗೆ ಧನಿ ಅಂತಲೇ ಬಂತು ನೋಡಿ.

"ಬೇವರ್ಸಿ! ಕಕ್ಕಸು ತೊಳೆಯುವವ ನನಗೆ ಕಾನೂನು ಹೇಳ್ತಾನೆ!" ವಿನೀತ್ ಮಾಪಿನ ಬಕೆಟ್ಟಿಗೆ ಒದ್ದ. ಹೊಲಸು ನೀರು ಕೊರಗಪ್ಪನ ಮೊಣಕಾಲ ತನಕ ಹಾರಿತು.

ಗಲಾಟೆಗೆ ಹೆದರಿ ಮೋಹಿತ್ ಒಂದು ತುತ್ತು ಬಾಯಿಗಿಟ್ಟ. ಮರುಕ್ಷಣವೇ ಕಕ್ಕಿಬಿಟ್ಟ. ಕಕ್ಕಿದ್ದಕ್ಕೆ ಶಿಕ್ಷೆ ತಾರಸಿ. ಸೆಪ್ಟೆಂಬರಿನ ಮಟಮಟ ಮಧ್ಯಾಹ್ನ, ಕುವೈತಿನ ತಾರಸಿ, ಅದೂ ಬರಿಗಾಲಲ್ಲಿ! ಕೀ ಕೊಡು ಅಂದರು. ಕೊರಗಪ್ಪ ಸೊಂಟದ ಕೀ ಗೊಂಚಲು ಗಟ್ಟಿಯಾಗಿ ಹಿಡಿದುಕೊಂಡ. ಇಬ್ಬರು ಅವನ ಕೈ ತಿರುಚಿದರು, ವಿನೀತ್ ಗೊಂಚಲು ಕಿತ್ತುಕೊಂಡ. ಹುಡುಗನನ್ನು ಮೇಲೆ ದಬ್ಬಿ, ಬೀಗ ಜಡಿದು, ಗೊಂಚಲನ್ನು ಜೇಬಿಗೆ ಹಾಕಿಕೊಂಡು ಎಲ್ಲರೂ ಬರ್ಗರ್ ತಿನ್ನಲು ಕಾರು ಹತ್ತಿದರು.

ತಾರಸಿಯ ಕಬ್ಬಿಣದ ಬಾಗಿಲು ಮೊದಮೊದಲು ದಡದಡ ಬಡಿದುಕೊಂಡಿತು. "ಅಂಕಲ್, ಪ್ಲೀಸ್, ತೆಗೀರಿ!" ಆಮೇಲೆ ಸದ್ದು ನಿಂತಿತು. ನಿಂತದ್ದೇ ಕೊರಗಪ್ಪನಿಗೆ ಜೀವ ಹೋದಂತಾಯಿತು. ಪೈಪು ಬಿಚ್ಚುವ ದೊಡ್ಡ ಸ್ಪ್ಯಾನರು ತಂದು ಬೀಗಕ್ಕೆ ಜಡಿದ, ಜಡಿದ, ಅದು ಕಿತ್ತು ಬರುವವರೆಗೂ ಜಡಿದ. ಮೋಹಿತ್ ನೀರಿನ ಟ್ಯಾಂಕಿನ ಸಂದಿಗೆ ತಲೆ ತೂರಿಸಿ ಬಿದ್ದಿದ್ದ. ಮೈ ಕಾದ ಕಾವಲಿ. ಅಂಗಾಲು ಬೊಬ್ಬೆ ಎದ್ದಿತ್ತು. ಬೆನ್ನ ಮೇಲೆ ಹೊತ್ತು ಕೆಳಗಿಳಿಸಿ, ತನ್ನ ಚಾಪೆಯ ಮೇಲೆ ಮಲಗಿಸಿ, ಒದ್ದೆ ಬೆಡ್‌ಶೀಟು ಸುತ್ತಿ ಆಂಬುಲೆನ್ಸಿಗೆ ಫೋನು ಮಾಡಿದ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಹುಡುಗ ಅವನ ಕೈ ಹಿಡಿದುಕೊಂಡ. "ಎಲ್ಲಾ ಹೇಳ್ತೀನಿ ಅಂಕಲ್. ಪ್ರಾಮಿಸ್."

ಆ ಒಂದು ಮಾತನ್ನು ಕೊರಗಪ್ಪ ಮಡಿಲಲ್ಲಿ ಕಟ್ಟಿಕೊಂಡ. ಕಟ್ಟಿಕೊಳ್ಳದೆ ಗತಿಯಿರಲಿಲ್ಲ. ಹಾರಿಸನೇ ನೋಡದೆ ಬೀಗ ಹಾಕಿದ ಅಂತ ವಿನೀತ್ ಆಗಲೇ ಊರೆಲ್ಲ ಹಬ್ಬಿಸಿದ್ದ. ಮೊಬೈಲುಗಳಿಂದ ವಿಡಿಯೋಗಳೆಲ್ಲ ಅಳಿಸಿಹೋಗಿದ್ದವು. ಕಫೀಲನ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಅರಬ್ ಮಾಲೀಕನ, ಆಫೀಸಿನಲ್ಲಿ ಕೆಲಸಕ್ಕಿದ್ದ ಮಂಗಳೂರಿನ ಅಬ್ದುಲ್ ನಾಸಿರ್ ಬಂದು ತಲೆ ತಗ್ಗಿಸಿ ಹೇಳಿದ: "ನಾನು ಎಂತ ಮಾಡ್ಲಿ ಕೊರಗಪ್ಪಣ್ಣ? ಕಾಲೇಜಿನವರು ನಿಂದೇ ತಪ್ಪು ಅಂದ್ರೆ ಕಫೀಲ್ ಇಕಾಮಾ ಕ್ಯಾನ್ಸಲ್ ಮಾಡ್ತಾನೆ. ಖಲಾಸ್. ಪರ್ಮಿಟ್ ಇಲ್ಲದೆ ಇಲ್ಲಿ ನಿಲ್ಲುವ ಹಾಗಿಲ್ಲ, ಅವತ್ತೇ ಊರಿಗೆ."

ಊರಲ್ಲಿ ಮಗಳು ಅಕ್ಷಯಾ ನರ್ಸಿಂಗ್ ಓದುತ್ತಿದ್ದಳು. ಕುಟುಂಬದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಇವನು ಗಂಟು ಕಟ್ಟಿದರೆ ಅವಳೂ ಹಾಸ್ಟೆಲಿನಿಂದ ಗಂಟು ಕಟ್ಟಬೇಕು.

ಕಾಲೇಜಿನಲ್ಲಿ ವಿದ್ಯಾರ್ಥಿ ಸುರಕ್ಷತಾ ಸಮಿತಿ ಸೇರಿತು. ಸಮಿತಿಗೆ ಪಾವನಾ ಮೇಡಂ ಮುಖ್ಯಸ್ಥೆ, ಬೆಂಗಳೂರಿನವರು. ಮೋಹಿತ್ ಪಕ್ಕದಲ್ಲಿ ಅವನ ತಂದೆ ಶ್ಯಾಮಸುಂದರ್, ಎಂಜಿನಿಯರು. ಆ ಎಂಜಿನಿಯರು ಕೆಲಸ ಮಾಡುವ ಕಂಪನಿಯಲ್ಲಿ ವಿನೀತನ ಅಪ್ಪನೇ ಮೇಲಧಿಕಾರಿ.

"ಹೆದ್ರಬೇಡಿ. ಇದು ಬರೀ ರಿಫಾರ್ಮ್‌ಗೋಸ್ಕರ," ಅಂದರು ಮೇಡಂ. "ಯಾರನ್ನೂ ಪನಿಶ್ ಮಾಡೋಕಲ್ಲ."

ಕೊರಗಪ್ಪ ನಿಂತುಕೊಂಡೇ ಹೇಳಿದ. ಕುರ್ಚಿ ಯಾರೂ ತೋರಿಸಿರಲಿಲ್ಲ. "ಅನ್ನಕ್ಕೆ ಕೂದ್ಲು ಹಾಕಿದ್ದು ಇವರು. ನನ್ನ ಕೈ ತಿರುಚಿ ಕೀ ಎಳ್ಕೊಂಡದ್ದು ಇವರು. ನನ್ನ ಮಾತು ನಂಬುದು ಬೇಡ ಮೇಡಂ. ಆ ಮಗುವನ್ನೇ ಕೇಳಿ."

ಮೋಹಿತ್ ಅಪ್ಪನನ್ನು ನೋಡಿದ. ಅಪ್ಪ ಮೇಜು ನೋಡುತ್ತಿದ್ದರು. ವಿನೀತನನ್ನು ನೋಡಿದ. ವಿನೀತ್ ಸ್ವಂತ ಅಣ್ಣನ ಹಾಗೆ ನಕ್ಕ.

"ಸೀನಿಯರ್ಸ್ ಏನೂ ಮಾಡಿಲ್ಲ ಮ್ಯಾಮ್. ನಾನೇ ಮೇಲೆ ಹೋಗಿದ್ದೆ. ಅಂಕಲ್ ನೋಡ್ದೆ ಲಾಕ್ ಮಾಡ್ಬಿಟ್ರು."

"ಮಗಾ!" ಅಂದ ಕೊರಗಪ್ಪ.

"ಬಿಡಪ್ಪ, ಆಗಿದ್ದು ಆಗ್ಹೋಯ್ತು," ಶ್ಯಾಮಸುಂದರ್ ಗಂಟಲು ಸರಿ ಮಾಡಿಕೊಂಡರು. "ನಿನ್ಮೇಲೆ ನಾವೇನೂ ಕೇಸ್ ಹಾಕಲ್ಲ."

ಆಹಾ, ಎಂಥಾ ಉಪಕಾರ!

ಸುಧಾರಣೆಗಳು ಪಟಪಟ ಪಾಸಾದವು. ಇನ್ನು ಮೇಲೆ ವಿದ್ಯಾರ್ಥಿಗಳು ಬಾಡಿಗೆಗಿರುವ ಕಟ್ಟಡಗಳಲ್ಲಿ ತಾರಸಿಯ ಕೀ ಕೂಲಿಯವರ ಕೈಗೆ ಸಿಗಬಾರದು. ವಿದ್ಯಾರ್ಥಿಗಳಿದ್ದಾಗ ಕಸದವರು ಒಳಗೆ ಕಾಲಿಡಬಾರದು. ಜೂನಿಯರುಗಳ ಸುರಕ್ಷತೆಯ ಉಸ್ತುವಾರಿ ವಿನೀತನಿಗೆ. ಅವನು ಎದ್ದುಬಂದು ಮೋಹಿತನ ಎದೆಗೆ ಸಂಘದ ಬ್ಯಾಡ್ಜು ಚುಚ್ಚಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗನ ಮುಖ ಅರಳಿತು, ನಿಜಕ್ಕೂ ಅರಳಿತು. ಸುಳ್ಳು ಹೇಳಿದ್ದಕ್ಕಿಂತ ಹೆಚ್ಚಾಗಿ ಕೊರಗಪ್ಪನ ಕರುಳು ಸುಟ್ಟದ್ದು ಅದಕ್ಕೆ.

ಬಿರಿಯಾನಿ ಬಂತು. ಬಾಗಿಲಲ್ಲಿ ಕಾಯುತ್ತಿದ್ದ ಅಬ್ದುಲ್ ನಾಸಿರ್ ಮೆಲ್ಲಗೆ, "ಯಲ್ಲಾ, ಹೋಗುವ ಕೊರಗಪ್ಪಣ್ಣ," ಅಂದ.

"ಊಟ ಮಾಡ್ಕೊಂಡು ಹೋಗ್ಲಿ, ಪಾಪ," ಅಂದರು ಮೇಡಂ.

ಕೊರಗಪ್ಪ ಒಂದು ತಟ್ಟೆ ತೆಗೆದುಕೊಂಡು ಅನ್ನ ಬಡಿಸಿಕೊಂಡ. ನೇರ ವಿನೀತನ ಎದುರು ಹೋಗಿ ನಿಂತ. ತಲೆಯಿಂದ ಒಂದು ಹಿಡಿ ನರೆಗೂದಲು ಕಿತ್ತು ಅನ್ನದ ಮೇಲೆ ಉದುರಿಸಿದ. ಹೆಬ್ಬೆರಳಿನ ಉಗುರು ಕಚ್ಚಿ ತಟ್ಟೆಗೆ ಉಗಿದ. ಕಲಸಿ ಮೇಜಿನ ಮೇಲೆ ಕುಕ್ಕಿದ.

"ತಿನ್ನು ವಿನೀತಾ. ನನ್ನ ಅನಿಷ್ಟ ಇವತ್ತು ನಿನ್ನ ಹೊಟ್ಟೆಗೆ. ನನ್ನ ಅಪ್ಪೆ ಉಂಡದ್ದೂ ಸೇರ್ಸಿ ತಿನ್ನು, ರಂಡೆಮಗನೇ!"

ಈ ಸಲ ಬಾಯಿಗೆ ಧನಿ ಬರಲಿಲ್ಲ.

ವಿನೀತ್ ಸಿಟ್ಟಾಗಲಿಲ್ಲ, ಏಳಲೂ ಇಲ್ಲ. ಒಂದೇ ಬೆರಳಿನಿಂದ ತಟ್ಟೆಯನ್ನು ಪಕ್ಕಕ್ಕೆ, ಮೋಹಿತನ ಮುಂದಕ್ಕೆ ತಳ್ಳಿದ.

"ವಿನೀತ್, ಪ್ಲೀಸ್," ಅಂದರು ಮೇಡಂ, ಅಷ್ಟೇ. ಶ್ಯಾಮಸುಂದರ್ ಮೊಬೈಲು ತೆಗೆದು ನೋಡತೊಡಗಿದರು.

"ಬೇಡ ಮಗಾ, ಅದು ನಿನಗಲ್ಲ! ನಿನಗೆ ಇಟ್ಟದ್ದಲ್ಲ ಅದು!" ಕೊರಗಪ್ಪ ತಟ್ಟೆ ಕಿತ್ತುಕೊಳ್ಳಲು ನುಗ್ಗಿದ. ಅಬ್ದುಲ್ ನಾಸಿರ್ ಹಿಂದಿನಿಂದ ಅವನನ್ನು ತಬ್ಬಿ ಹಿಡಿದುಕೊಂಡ.

"ಇಟ್ಸ್ ಓಕೆ, ಅಂಕಲ್," ಅಂದ ಮೋಹಿತ್. ತುತ್ತು ಮಾಡಿ ಬಾಯಿಗಿಟ್ಟುಕೊಂಡ, ಅಗಿದ, ನುಂಗಿದ.

ಈ ಸಲ ಕಕ್ಕಲಿಲ್ಲ.